ಹಸಿರು ಸೀರೆಯ ಬಗಲು ತುಂಡುಗಳು

ಹೇಳಿಕೊಳ್ಳುವಂಥ ದೊಡ್ಡ ಬದುಕಲ್ಲ ಇದು. ಹೇಳುವ ಹಕ್ಕು ನನಗಿದೆಯೇ ಎಂಬುದೂ ಖಾತ್ರಿಯಿಲ್ಲ. ಇದು ನಡೆದ ಮನೆಯವರ ಕಣ್ಣಿಗೆ ಬಿದ್ದರೆ, ತಪ್ಪಿದ್ದಲ್ಲಿ ಮನ್ನಿಸಲಿ ಎಂದಷ್ಟೇ ಕೇಳಿಕೊಳ್ಳುತ್ತೇನೆ.

ಮಾಯಾ ಒಂದು ಕೈಯಿಂದ ತಾಯಿಯ ತಲೆ ಎತ್ತಿ ಹಿಡಿದು ಇನ್ನೊಂದು ಕೈಯಿಂದ ದಿಂಬನ್ನು ಎಳೆದಳು. ಮೈ ತೊಳೆಯಲು ಅಂಗಳದಲ್ಲಿ ನೀರು ಕಾದಿತ್ತು; ಹೆಂಗಸರು ಬಾಗಿಲಿಗೆ ಸೀರೆಯ ಮರೆ ಹಿಡಿದು ನಿಂತಿದ್ದರು. ದಿಂಬು ಭಾರವಾಗಿತ್ತು. ಒತ್ತಿದರೆ ಅರಳೆಯ ಹಾಗೆ ಒಳಕ್ಕೆ ಕುಸಿಯಲಿಲ್ಲ. ಒಳಗೆ ಪದರ ಪದರವಾಗಿ ಏನೋ ಸಿಕ್ಕಿತು.

"ಇದರಾಗ ಏನದ, ಸಪನಾ?"

"ಅದನ್ನ ಬಿಡ್ರಿ ಅಕ್ಕೋರ," ಎಂದಳು ತಮ್ಮನ ಹೆಂಡತಿ. "ಆಯಿ ಅದಕ್ಕ ಯಾರಿಗೂ ಕೈ ಹಚ್ಚಗೊಡ್ತಿದ್ದಿಲ್ಲ. ಒಗಿಲಿಕ್ಕೂ ಕೊಡ್ತಿದ್ದಿಲ್ಲ. ದವಾಖಾನಿಗಿ ಒಯ್ಯುವಾಗೂ ಬಗಲಾಗ ಹಿಡ್ಕೊಂಡೇ ಹೋಗ್ಯಾರ."

ಅನುಸೂಯಾಬಾಯಿ ಹಿಂದಿನ ದಿನ ಬೀದರದ ದವಾಖಾನೆಯಲ್ಲಿ ತೀರಿಕೊಂಡಿದ್ದಳು. ವಯಸ್ಸು ಎಪ್ಪತ್ತರ ಮೇಲೆ. ದೇಹವನ್ನು ಔರಾದಿನ ಮನೆಗೆ ತಂದಿದ್ದರು. ಮಾಯಾ ಮತ್ತು ಅವಳ ಗಂಡ ದಿಲೀಪ ಬೆಳಗಿನ ಮೊದಲ ಬಸ್ಸಿಗೆ ಭಾಲ್ಕಿಯಿಂದ ಬಂದಿದ್ದರು. ಹತ್ತೊಂಬತ್ತು ವರ್ಷಗಳಲ್ಲಿ ಮಾಯಾ ಈ ಹೊಸ್ತಿಲು ದಾಟಿದ್ದು ಇದೇ ಮೊದಲು. ದಿಲೀಪ ಒಳಗೆ ಬರಲಿಲ್ಲ, ಬಾ ಎಂದು ಯಾರೂ ಕರೆಯಲೂ ಇಲ್ಲ. ಬೇವಿನ ಗಿಡದ ಕೆಳಗೆ, ಕೈಯಲ್ಲಿ ಬುತ್ತಿಯ ಗಂಟು ಹಿಡಿದು ನಿಂತಿದ್ದ.

ಪಕ್ಕದ ಮನೆಯ ವಿಮಲಾಬಾಯಿ ನೀರು ಬೆರೆಸುತ್ತ ಯಾರಿಗೂ ಅಲ್ಲವೆಂಬಂತೆ ಹೇಳಿದಳು: "ಇಡೀ ಓಣಿಗಿ ಕೌದಿ ಹೊಲದು ಕೊಟ್ಟ ಜೀವ. ನನ್ನ ಮೊಮ್ಮಗನ ತೊಟ್ಟಿಲಿಗೂ ಒಂದು ಕೊಟ್ಟಾಳ. ಮಾಯಾ, ನಿನಗೆಷ್ಟು ಕೊಟ್ಟಾಳ ಬೇ?"

ಅವಳಿಗೆ ಗೊತ್ತಿತ್ತು. ಮಗಳ ಮನೆಯಲ್ಲಿ ಒಂದೂ ಇಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಮಗಳಿಗೊಂದು ಹೊಲಿ ಎಂದು ಯಾರಾದರೂ ಹೇಳಿದರೆ ಅನುಸೂಯಾಬಾಯಿ ಸೂಜಿಯಿಂದ ಕಣ್ಣೆತ್ತದೆ ಅನ್ನುತ್ತಿದ್ದಳು: "ಕಂಬಳಿಯೊಳಗ ಹೋದಾಕಿಗಿ ಕೌದಿ ಯಾಕ?" ದಿಲೀಪನ ಮನೆಯವರು ಕುರಿ ಸಾಕುವವರು. ಆ ಮಾತು ಭಾಲ್ಕಿಯವರೆಗೂ ಮುಟ್ಟಿತ್ತು.

ಮಾಯಾ ದಿಂಬಿನ ಬಾಯಿಯ ದಾರವನ್ನು ಹಲ್ಲಿನಿಂದ ಹರಿದಳು. ಒಳಗಿನಿಂದ ಹಸಿರು ತುಂಡುಗಳು ಅವಳ ಮಡಿಲಿಗೆ ಬಿದ್ದವು. ಗಿಣಿಹಸಿರು, ಕೆಲವಕ್ಕೆ ಕೆಂಪು ಅಂಚು. ಭಾಲ್ಕಿಯ ಪೇಟೆಯಲ್ಲಿ, ಅಂಗನವಾಡಿಯ ತನ್ನ ಮೊದಲ ಪಗಾರದಿಂದ ತಾನೇ ಆರಿಸಿ ತಂದು, ತಮ್ಮನ ಕೈಯಲ್ಲಿ ತಾಯಿಗೆ ಕಳಿಸಿದ್ದ ಸೀರೆ ಅದು.

*

ಕೌದಿಯ ಕೆಲಸವನ್ನು ಅನುಸೂಯಾಬಾಯಿ ಕಲಿತದ್ದು ತವರಿನಲ್ಲಿ, ಬೀದರ ಶಹರದ ಹಳೆಯ ಓಣಿಯಲ್ಲಿ. ಕಲಿಸಿದವಳು ನೆರೆಮನೆಯ ಕುಬರಾ ಬೀ. ಬೇರೆಯವರು ಹಳೆ ಸೀರೆಗಳನ್ನು ಚೌಕ ಚೌಕ ಹರಿದು ಹೊಲಿದರೆ, ಕುಬರಾ ಬೀ ದರ್ಜಿಯ ಅಂಗಡಿಯಲ್ಲಿ ಕತ್ತರಿಸಿ ಉಳಿದ ಚೂರು, ಕತರನ್, ಆರಿಸಿ ತರುತ್ತಿದ್ದಳು. ಜಂಪರಿನ ಬಗಲು ಕತ್ತರಿಸುವಾಗ ಕೆಳಗೆ ಬೀಳುವ ತುಂಡಿನ ಒಂದು ಮಗ್ಗುಲು ಗುಂಡಗಿರುತ್ತದೆ. ಯಾರಿಗೂ ಬೇಡದ ತುಂಡು ಅದು. ಅದಕ್ಕೆ ಅವರು ಹೊಟ್ಟೆ ಅನ್ನುತ್ತಿದ್ದರು. ಆ ಹೊಟ್ಟೆ ಕೂರುವಂತೆ ಅಷ್ಟೇ ಒಳಬಾಗಿದ ಇನ್ನೊಂದು ತುಂಡನ್ನು ಇಡೀ ಬಟ್ಟೆಯಿಂದ ಕತ್ತರಿಸಬೇಕು. ಅದು ಬಗಲು. ಎರಡೂ ಕೂಡಿದರೆ ಒಂದು ಚೌಕ. ನಾಲ್ಕು ಚೌಕ ಕೂಡಿದರೆ ನಡುವೆ ಒಂದು ಚಂದಿರ.

ಮಾಯಾ ಹತ್ತು ವರ್ಷದವಳಿದ್ದಾಗ ಇದೇ ಪಡಸಾಲೆಯಲ್ಲಿ ಕುಳಿತು ಕಲಿತಳು.

"ಬಗಲು ಮ್ಯಾಲ, ಹೊಟ್ಟಿ ಕೆಳಗ. ಮೊದಲು ನಡುವ ಒಂದು ಟಾಕಾ ಹಾಕು, ಆಮ್ಯಾಲ ಎರಡೂ ತುದಿಗಿ."

"ಕೂಡವಲ್ದು ಆಯಿ. ಎಳೀತದ."

"ಎಳೀತದ ಅಂತ ಅತ್ತರ ಕೂಡ್ತದೇನು? ಬಗಲಿನ ಅಂಚಿಗಿ ಕತ್ರಿಲೆ ಸಣ್ಣ ಸಣ್ಣ ಕಚ್ಚ ಕೊಡು. ಜ್ವಾಳದ ಕಾಳಿನಷ್ಟು. ಅದಕ್ಕಿಂತ ಆಳ ಹೋದ್ರ ನಾಳಿ ಹರೀತದ."

ಹೊಲಿಗೆ ಸುಕ್ಕು ಬಂದರೆ ಅನುಸೂಯಾಬಾಯಿ ಬೈಯುತ್ತಿರಲಿಲ್ಲ. ಬ್ಲೇಡಿನ ಚೂರಿನಿಂದ ಹೊಲಿಗೆ ಬಿಚ್ಚಿ ಎರಡು ತುಂಡುಗಳನ್ನೂ ಮಗಳ ಮಡಿಲಿಗೆ ಹಾಕುತ್ತಿದ್ದಳು. ಒಂದು ಮಧ್ಯಾಹ್ನ ಹನ್ನೊಂದು ಸಲ ಬಿಚ್ಚಿದ್ದಳು. ಹನ್ನೆರಡನೆಯದನ್ನು ಬೆಳಕಿಗೆ ಹಿಡಿದು ನೋಡಿ ಸುಮ್ಮನೆ ತನ್ನ ಗಂಟಿನಲ್ಲಿಟ್ಟುಕೊಂಡಳು. ಆ ದಿನ ಮಾಯಾ ಊಟ ಮಾಡದೆ ನಿದ್ದೆ ಹೋದಳು, ಅಷ್ಟು ಖುಷಿಯಾಗಿತ್ತು.

ಕೌದಿಯ ಕೊನೆಯ ಮೂಲೆ ಮುಚ್ಚುವ ಮುಂಚೆ ಒಳಗೊಂದು ರೊಟ್ಟಿಯ ಚೂರು ಇಡುವುದು ಪದ್ಧತಿ. ಕೌದಿಯ ಹೊಟ್ಟೆ ಖಾಲಿ ಇರಬಾರದು.

*

ಬೇರೆ ಬೇರೆ ಜಾತಿಯ ಮಾಯಾ ಮತ್ತು ದಿಲೀಪನ ಮದುವೆ ಭಾಲ್ಕಿಯ ಕಚೇರಿಯೊಂದರಲ್ಲಿ ಸಹಿ ಹಾಕಿ ಆಯಿತು. ಎರಡು ತಿಂಗಳ ನಂತರ ಅನುಸೂಯಾಬಾಯಿ ಮೂವತ್ತಾರು ಚಂದಿರದ ಕೌದಿ ಹೊತ್ತು, ಎರಡು ಬಸ್ಸು ಬದಲಿಸಿ, ಸಾಯಗಾಂವಿನ ಬೀಗರ ಮನೆಗೆ ಬಂದಳು. ದಿಲೀಪ ಮತ್ತು ಅವನ ಅಪ್ಪ ಧೊಂಡಿಬಾ ಕುರಿಯ ಹಿಂದೆ ಹೋಗಿದ್ದರು. ಅತ್ತೆ ಸುಂದರಬಾಯಿ ಅಂಗಳ ಗುಡಿಸುತ್ತಿದ್ದಳು.

"ಅಲ್ಲೇ ಇಡ್ರಿ ಬೀಗತಿ. ಒಳಗ ದೇವರು ಅವ."

ಅನುಸೂಯಾಬಾಯಿ ಕೌದಿಯನ್ನು ಕಟ್ಟೆಯ ಮೇಲಿಟ್ಟಳು. ಸುಂದರಬಾಯಿ ಅದನ್ನು ಎರಡು ಬೆರಳಲ್ಲಿ ಎತ್ತಿಕೊಂಡು ಹಟ್ಟಿಗೆ ಹೋಗಿ, ಮೂರು ದಿನದ ಮರಿಗಳ ಕೆಳಗೆ ಹಾಸಿದಳು.

"ಥಂಡಿ ಭಾಳ ಅದ. ಮರಿಗೋಳಿಗಿ ಛಲೋ ಆಯ್ತು ನೋಡ್ರಿ. ನಿಮ್ಮ ಮಂದಿ ಕೈಕೆಲಸದಾಗ ಭಾಳ ಹುಷಾರ."

ತಾಯಿಗೆ ಕೊಡಲೆಂದು ಚಹಾ ತಂದಿದ್ದ ಮಾಯಾ ಹೊಸ್ತಿಲಲ್ಲಿ ನಿಂತಿದ್ದಳು. ರೊಟ್ಟಿಯ ವಾಸನೆ ಹಿಡಿದ ತಾಯಿಕುರಿ ಕೌದಿಯ ಮೂಲೆಯನ್ನು ಬಾಯಲ್ಲಿ ಕಚ್ಚಿ ಜಗ್ಗತೊಡಗಿತು. ಅನುಸೂಯಾಬಾಯಿ ಕುರಿಯನ್ನು ನೋಡಲಿಲ್ಲ, ಬೀಗತಿಯನ್ನೂ ನೋಡಲಿಲ್ಲ. ಮಗಳನ್ನು ನೋಡಿದಳು. ಮಾಯಾ ಚಹಾದ ಲೋಟದೊಳಗೆ ನೋಡಿದಳು. ಹೊಸ ಸೊಸೆ, ಬಾಯಿ ತೆರೆದರೆ ಏನಾಗುವುದೋ ಎಂಬ ಹೆದರಿಕೆ. ಹೊಲಿಗೆ ಹರಿದ ಸದ್ದು ಇಬ್ಬರಿಗೂ ಕೇಳಿಸಿತು.

"ಬಸ್ಸಿನ ಟೈಮ ಆಯ್ತು," ಎಂದಳು ಅನುಸೂಯಾಬಾಯಿ. ಚಹಾ ಕುಡಿಯಲಿಲ್ಲ.

ಆ ವರ್ಷವೇ ದಿಲೀಪ ಜಗಳ ಮಾಡಿಕೊಂಡು ಭಾಲ್ಕಿಯಲ್ಲಿ ಬೇರೆ ಮನೆ ಮಾಡಿದ. ಮಾಯಾ ಎರಡು ಸಲ ಔರಾದಿನ ಓಣಿಯವರೆಗೂ ಬಂದಳು. ಎರಡೂ ಸಲ ಅನುಸೂಯಾಬಾಯಿ ಎದ್ದು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಮರುವರ್ಷ ಮಾಯಾ ಸೀರೆ ಕಳಿಸಿದಳು.

*

ಮೈ ತೊಳೆದು, ಬಿಳಿ ಬಟ್ಟೆ ಹೊದಿಸಿ, ಅನುಸೂಯಾಬಾಯಿಯನ್ನು ಪಡಸಾಲೆಯಲ್ಲಿ ಮಲಗಿಸಿದರು. ತಲೆಯ ಹತ್ತಿರ ಮೇಣದಬತ್ತಿ ಹಚ್ಚಿದರು. ತಮ್ಮ ಅಶ್ವಜಿತ ಒಳಗೆ ಬಂದಾಗ ಮಾಯಾ ಮೂಲೆಯಲ್ಲಿ ತುಂಡುಗಳನ್ನು ಹರಡಿಕೊಂಡು ಕುಳಿತಿದ್ದಳು.

"ಆಯಿ ಈ ಸೀರಿ ಬುದ್ಧ ಪೂರ್ಣಿಮಾಕ್ಕ ಉಟ್ಟಿದ್ಳು ಅಂತ ಹೇಳಿದ್ದಿ ನನಗ."

ಅಶ್ವಜಿತ ಗೋಡೆಗೆ ಒರಗಿದ. "ಹೇಳಿದ್ದೆ."

"ಉಟ್ಟಿದ್ಳೇನು?"

"ಇಲ್ಲಕ್ಕ. ಕೈಯಾಗ ಕೊಟ್ಟೆ. ಯಾರು ಕೊಟ್ರು ಅಂತ ಕೇಳಿದ್ಳು. ಹೇಳಿದೆ. ಸೀರಿ ಮಡಿಕಿ ಸುದ್ಧಾ ಬಿಚ್ಚಿ ನೋಡಲಿಲ್ಲ. ಕತ್ರಿ ತಗೊಂಡು ಕುಂತಳು. ಸಂಜಿತನಕ ಕತ್ತರಿಸಿದ್ಳು. ನಾ ಆಗ ಸಣ್ಣಾವ. ನಿನಗ ಏನಂತ ಹೇಳಬೇಕಿತ್ತು?"

ಹದಿನೆಂಟು ವರ್ಷ ಮಾಯಾ ಆ ಸೀರೆಯಲ್ಲಿ ತಾಯಿಯನ್ನು ನೆನೆಸಿಕೊಂಡಿದ್ದಳು. ಪೂರ್ಣಿಮೆಯ ದಿನ ಮೆರವಣಿಗೆಯಲ್ಲಿ, ಬಿಳಿ ಸೀರೆಗಳ ನಡುವೆ ಒಬ್ಬಳೇ ಹಸಿರು. ಈಗ ಒಂದು ತುಂಡನ್ನು ಎತ್ತಿ ಬಾಗಿಲ ಬೆಳಕಿಗೆ ಹಿಡಿದಳು. ಬಗಲು ತುಂಡು. ಹೊಲಿಗೆಗೆಂದು ಉಗುರಿನಷ್ಟು ಅಂಚು ಬಿಟ್ಟಿತ್ತು. ಒಳಬಾಗಿನ ಉದ್ದಕ್ಕೂ ಜೋಳದ ಕಾಳಿನಷ್ಟು ಕಚ್ಚುಗಳು. ಇನ್ನೊಂದನ್ನು ನೋಡಿದಳು, ಮತ್ತೊಂದನ್ನು. ಎಲ್ಲವೂ ಒಂದೇ ಅಳತೆ.

"ಸಿಟ್ಟಿನಾಗ ಕತ್ತರಿಸಿದಾಕಿ ಅಂಚು ಬಿಡ್ತಾಳೇನು?" ಎಂದಳು. "ಕಚ್ಚ ಕೊಡ್ತಾಳೇನು ಸಪನಾ? ಇದು ಹೊಲಿಲಿಕ್ಕ ಕತ್ತರಿಸಿದ್ದು."

ಸಪನಾ ಮೆಲ್ಲಗೆ ಹೇಳಿದಳು: "ಅವರ ಕೈಗಿ ಬ್ಯಾರೆ ನಮೂನಿ ಕತ್ತರಸೂದು ಬರ್ತಿದ್ದಿಲ್ಲರಿ ಅಕ್ಕೋರ."

ದರ್ಜಿ ಜಹೀರೋದ್ದೀನ ಬಾಗಿಲ ಬಳಿ ಟೊಪ್ಪಿಗೆ ಕೈಯಲ್ಲಿ ಹಿಡಿದು ಕುಳಿತಿದ್ದ. ಕತರನ್ ಚೀಲ ಮೂವತ್ತು ವರ್ಷ ಅವನ ಅಂಗಡಿಯಿಂದಲೇ ಈ ಮನೆಗೆ ಬಂದದ್ದು.

"ಬೇಟಿ, ನನಗ ಒಂದು ಮಾತು ಯಾದ್ ಅದ," ಎಂದ. "ಹಸರಿಗಿ ಒಪ್ಪೋ ಹಳದಿ ಹೊಟ್ಟಿ ತುಂಡು ಬೇಕಂತ ನಿನ್ನ ಆಯಿ, ನಮ್ಮ ಆಪಾ, ಕೇಳಿದ್ರು. ವರ್ಷಾನಗಟ್ಟಲೆ ಕೂಡಿಸಿ ಕೊಟ್ಟೇನಿ."

ಮಾಯಾಳ ಕೈ ನಿಂತಿತು. ಅವಳ ಮುಖ ನೋಡಿ ಸಪನಾ ತಲೆ ತಗ್ಗಿಸಿದಳು. ಒಳಗೆ ಹೋಗಿ ತನ್ನ ಮದುವೆಯ ಕೌದಿ ತಂದು ಹಾಸಿದಳು. ನೀಲಿ ಬಗಲು, ಹಳದಿ ಹೊಟ್ಟೆ. ದರ್ಜಿ ಕೊಟ್ಟ ಹಳದಿಯೆಲ್ಲ ಅದಕ್ಕೇ ಹೋಗಿ ಒಂದು ಚೂರೂ ಉಳಿದಂತಿರಲಿಲ್ಲ.

"ಹಸರಿಗಿ ಅಂತನೇ ಕೇಳಿದ್ರೇನು ಚಾಚಾ?" ಎಂದು ಮಾಯಾ ಕೇಳಿದಳು.

"ಹಸರು ಅಂದ್ರೋ, ನೀಲಿ ಅಂದ್ರೋ." ಮುದುಕ ಟೊಪ್ಪಿಗೆಯನ್ನು ಮಡಿಚಿದ. "ನನ್ನ ಕಣ್ಣಿಗಿ ಈಗ ಎರಡೂ ಒಂದೇ ಬೇಟಿ. ನೆನಪೂ ಹಂಗೇ ಆಗ್ಯದ."

"ಅಕ್ಕ, ಧಮ್ಮಪಾಲ ಕಾಕಾ ಬಂದಾರ. ತ್ರಿಸರಣದ ಪ್ರಾರ್ಥನಾ ಶುರು ಮಾಡ್ಬೇಕು," ಎಂದ ಅಶ್ವಜಿತ. "ಆಯಿ ತಲಿಕೆಳಗ ಇದ್ದದ್ದು ಆಕಿ ಕೂಡನೇ ಹೋಗಬೇಕು. ತುಂಬಿ ಕೊಡು."

"ಒಂದು ಹತ್ತು ನಿಮಿಷ ಕೊಡು."

"ಹತ್ತೊಂಬತ್ತು ವರ್ಷ ಇತ್ತಲ್ಲ ಅಕ್ಕ," ಎಂದ ಅವನು. ಹೇಳಿದ ಮೇಲೆ ತಾನೇ ಹೊರಗೆ ಹೋದ.

ಟ್ರಂಕಿನ ಮೇಲೆ ತಾಯಿಯ ಕತ್ತರಿ ಇತ್ತು. ಮಾಯಾ ಅದನ್ನೆತ್ತಿಕೊಂಡಳು. ತಾನು ಉಟ್ಟಿದ್ದ ಬಿಳಿ ಸೀರೆಯ ಸೆರಗಿನ ಮೂಲೆಯ ಮೇಲೆ ಒಂದು ಹಸಿರು ಬಗಲು ಇಟ್ಟಳು. ಅಂಚಿಗೆ ಜಾಗ ಬಿಟ್ಟು ಗುಂಡಗೆ ಕತ್ತರಿಸಿದಳು.

"ಹುಚ್ಚ ಹಿಡೀತೇನ ಇಕಿಗಿ?" ಎಂದಳು ವಿಮಲಾಬಾಯಿ. "ಮೈಮ್ಯಾಲಿನ ಸೀರಿ ಕತ್ತರಸ್ತಾಳ."

ಬಗಲು ಮೇಲೆ, ಹೊಟ್ಟೆ ಕೆಳಗೆ. ನಡುವೆ ಒಂದು ಟಾಕಾ, ಆಮೇಲೆ ತುದಿಗಳಿಗೆ. ಹತ್ತೊಂಬತ್ತು ವರ್ಷ ಸೂಜಿ ಹಿಡಿಯದ ಬೆರಳು ಮಾತು ಕೇಳಲಿಲ್ಲ. ಹೊಲಿಗೆ ಮುಗಿದಾಗ ಎಡಗಡೆ ಎರಡು ಸುಕ್ಕು ಎದ್ದು ಕಂಡವು. ಬಿಚ್ಚಲು ಸಮಯವಿರಲಿಲ್ಲ. ಆದರೂ ಅವಳು ಆ ಚೌಕವನ್ನು ತಾಯಿಯ ಕೈಯ ಪಕ್ಕದಲ್ಲಿಟ್ಟು ಸ್ವಲ್ಪ ಹೊತ್ತು ಕಾದಳು.

ಆಮೇಲೆ ಅದನ್ನು ಉಳಿದವುಗಳೊಂದಿಗೆ ದಿಂಬಿಗೆ ತುಂಬಿದಳು. ಬಾಯಿ ಮುಚ್ಚುವ ಮುಂಚೆ ಕೇಳಿದಳು: "ಸಪನಾ, ಒಂದು ಚೂರು ರೊಟ್ಟಿ."

"ಒಲಿ ಹಚ್ಚಿಲ್ಲರಿ."

ಹೆಣವಿರುವ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಮಾಯಾ ಹೊರಗೆ ಬಂದಳು. ಬೇವಿನ ಕೆಳಗೆ ದಿಲೀಪ ವಿಷಯ ಕೇಳಿ ಬುತ್ತಿ ಬಿಚ್ಚಿದ. ಎರಡು ಜೋಳದ ರೊಟ್ಟಿ, ಹಿಂಡಿಪಲ್ಲೆ. ಸುಂದರಬಾಯಿ ಈಗ ಅವರ ಮನೆಯಲ್ಲೇ ಇರುತ್ತಾಳೆ. ಬೆಳಗಿನ ಜಾವ ಎದ್ದು ಅವಳೇ ತಟ್ಟಿ ಕಟ್ಟಿದ್ದು.

ಮಾಯಾ ಚೂರು ಮುರಿದಳು. ಕೈಯಲ್ಲಿ ಹಿಡಿದು ನಿಂತಳು. ಮತ್ತೆ ಗಂಟಿನಲ್ಲೇ ಇಟ್ಟಳು.

"ಬ್ಯಾಡ. ಅತ್ತಿ ಕೈದು ಅದು."

ದಿಂಬು ಖಾಲಿ ಹೊಟ್ಟೆಯಲ್ಲೇ ಮುಚ್ಚಿತು.

ತ್ರಿಸರಣ, ಪಂಚಶೀಲ ಮುಗಿದವು. ಹೊಲದ ಅಂಚಿನ ಮಣ್ಣು ಕಪ್ಪಗಿತ್ತು, ತೇವವಾಗಿತ್ತು. ಅಶ್ವಜಿತ ಕುಣಿಗಿಳಿದು ತಾಯಿಯ ತಲೆಯ ಕೆಳಗೆ ದಿಂಬನ್ನು ಸರಿಪಡಿಸಿದ. ಎಲ್ಲರೂ ಹಿಡಿ ಮಣ್ಣು ಹಾಕಿದರು. ದಿಲೀಪ ಎಲ್ಲರಿಗಿಂತ ಕೊನೆಗೆ ಹಾಕಿದ. ಯಾರೂ ಬೇಡ ಅನ್ನಲಿಲ್ಲ.

ಸಂಜೆಯ ಭಾಲ್ಕಿ ಬಸ್ಸಿನಲ್ಲಿ ಕಿಟಕಿಯ ಬದಿಗೆ ಮಾಯಾ ಕುಳಿತಳು. ತೊಗರಿ ಹೊಲಗಳು ಹಿಂದೆ ಸರಿಯುತ್ತಿದ್ದವು. ಗಾಳಿಗೆ ಸೆರಗು ಹಾರಿ ದಿಲೀಪನ ತೊಡೆಯ ಮೇಲೆ ಬಿತ್ತು. ಮೂಲೆಯಲ್ಲಿ ಬಗಲು ತುಂಡಿನ ಹಾಗೆ ಒಳಬಾಗಿದ ಖಾಲಿ ಜಾಗ.

"ಸೀರಿ ಹರದದಲ್ಲ," ಎಂದ ಅವನು.

"ಹರದಿಲ್ಲ. ಕತ್ತರಿಸೀನಿ," ಎಂದಳು ಮಾಯಾ. ಬ್ಯಾಗಿನಿಂದ ಕತ್ತರಿ ತೆಗೆದಳು, ಕೇಳದೆ ತಂದಿದ್ದಳು. ಬಸ್ಸು ಕುಲುಕುತ್ತಿದ್ದರೂ, ಆ ಬಾಗಿದ ಅಂಚಿಗೆ ಒಂದೊಂದಾಗಿ ಜೋಳದ ಕಾಳಿನಷ್ಟು ಕಚ್ಚು ಕೊಡತೊಡಗಿದಳು.

ಅನುಸೂಯಾಬಾಯಿ ಆ ಸೀರೆಯನ್ನು ಹಾಳುಮಾಡಲೆಂದು ಕತ್ತರಿಸಿದಳೋ, ಮಗಳಿಗೆ ಹೊಲಿಯಲೆಂದು ಕತ್ತರಿಸಿದಳೋ, ಎರಡಕ್ಕೂ ಸೇರಿಯೋ ಎಂದು ಅಶ್ವಜಿತನನ್ನೂ ಸಪನಾಳನ್ನೂ ದರ್ಜಿಯನ್ನೂ ನಾನು ಆಮೇಲೆ ಕೇಳಿದೆ. ಯಾರಿಗೂ ಗೊತ್ತಿಲ್ಲ. ನನಗೂ ಗೊತ್ತಾಗಲಿಲ್ಲ.