ಕತ್ತಲೆ ಚೌಕದ ನಲವತ್ತು ದೋಣಿ

ಪ್ರಯೋಗಾಲಯದ ಕಿಟಕಿ ಪಕ್ಕ ಕೂತು ವಿದ್ಯಾರ್ಥಿನಿ ಊಟದ ಡಬ್ಬಿ ಬಿಚ್ಚಿದ್ದಳು, ಕಣ್ಣು ಮಾತ್ರ ಮೇಜಿನ ಮೇಲಿತ್ತು. ಎದುರಿಗಿದ್ದ ನಕಾಶೆಯಲ್ಲಿ, ಸಮುದ್ರದ ಮೇಲೆ, ಒಂದು ಚೌಕ. ಉರಿದು ಖಾಲಿಯಾದ ರಾಕೆಟ್ಟಿನ ಕೆಳಭಾಗ ಬೀಳುವುದು ಅಲ್ಲೇ ಎಂದು ಲೆಕ್ಕ ಹಾಕಿದವಳೂ ಅವಳೇ. ಜೊತೆಗಿದ್ದ ಹಾಳೆಯಲ್ಲಿ ಅಚ್ಚಾಗಿದ್ದ ಸಾಲು: ‘ಈ ಚೌಕದಲ್ಲಿ ಜನ ಇಲ್ಲ.’ ಅದರಡಿ ಅವಳ ಸಹಿ ಬೇಕಿತ್ತು.

ಇಲ್ಲ ಎನ್ನುವುದಕ್ಕೆ ಪುರಾವೆ, ಉಪಗ್ರಹ ರಾತ್ರಿ ತೆಗೆದ ಚಿತ್ರ. ಬೆಳಕಿದ್ದಲ್ಲಿ ಜನ, ಕತ್ತಲಿದ್ದಲ್ಲಿ ಯಾರೂ ಇಲ್ಲ. ಇಲ್ಲಿ ಎಣಿಸುವ ಪದ್ಧತಿಯೇ ಹಾಗೆ. ಆದರೆ ಅವಳಪ್ಪ ಮೀನುಗಾರ, ಬಲೆ ಬೀಸುವುದು ಅದೇ ಚೌಕದಲ್ಲಿ. ಬೆಳಕು ಕಂಡರೆ ಅಲ್ಲಿಯ ಮೀನು ಆಳಕ್ಕಿಳಿಯುತ್ತದೆಂದು ನಲವತ್ತು ದೋಣಿಯವರೂ ದೀಪ ಆರಿಸಿಯೇ ಬಲೆ ಹಾಕುತ್ತಾರೆ. ಕಣ್ಣಿದ್ದೂ ಕುರುಡು ಅಂದರೆ ಇದೇ ನೋಡಿ!

“ಸರ್, ಅಲ್ಲಿ ಜನ ಇದ್ದಾರೆ,” ಎಂದಳು ಪಕ್ಕದ ಮೇಜಿನಲ್ಲಿದ್ದ ತನ್ನ ಪ್ರೊಫೆಸರರಿಗೆ.

ಪ್ರೊಫೆಸರರೇನೂ ಕೆಟ್ಟವರಲ್ಲ. ಅವಳಿಗೆ ಹಾಸ್ಟೆಲ್ ಕೋಣೆ ಕೊಡಿಸಲು ಚಪ್ಪಲಿ ಸವೆಸಿದವರು. “ಹಾಗಂತ ಬರೆದ್ರೆ ಉಡಾವಣೆ ಒಂದು ವರ್ಷ ಮುಂದಕ್ಕೆ ಹೋಗುತ್ತೆ ಕಣಮ್ಮ. ಬಾಹ್ಯಾಕಾಶ ನೀತಿ ಸಮಿತಿಗೆ ನಿನ್ನ ಹೆಸರು ಕಳಿಸ್ತಿದ್ದೀನಿ. ಆಕಾಶ ಎಲ್ರಿಗೂ ಸಮ, ಅದನ್ನ ಅಲ್ಲಿ ಹೇಳ್ಬೇಕು ಅಂತ ಮೂರು ವರ್ಷದಿಂದ ನನ್ನ ತಲೆ ತಿಂದಿದ್ದೀಯಲ್ಲ? ಈ ಹಾಳೆ ಕೆಟ್ರೆ ನಿನ್ನನ್ನ ಬಾಗಿಲೊಳಕ್ಕೂ ಬಿಡಲ್ಲ. ಮೊದಲು ಒಳಗೆ ಹೋಗು, ಆಮೇಲೆ ಸರಿ ಮಾಡು.”

ಅದೂ ಸುಳ್ಳಲ್ಲ. ಅತ್ತ ದರಿ, ಇತ್ತ ಪುಲಿ. ಮೆಟ್ಟಿಲ ಬಳಿ ಬಂದು ಅಪ್ಪನಿಗೆ ಫೋನ್ ಮಾಡಿ ಎಲ್ಲ ಹೇಳಿಕೊಂಡಳು.

“ಅಯ್ಯೋ ಪುಟ್ಟಿ, ಇಷ್ಟಕ್ಕೆಲ್ಲ ಅಳ್ತಾರಾ? ಸಹಿ ಹಾಕ್ಬಿಡು. ಅದು ಬೀಳೋ ದಿನ ನೀನು ಹೇಳು, ನಾವ್ಯಾರೂ ಕಡಲಿಗೆ ಇಳಿಯಲ್ಲ.”

“ಈ ಸಲ ಹೇಳ್ತೀನಪ್ಪ. ಒಂದ್ಸಲ ಖಾಲಿ ಅಂತ ಬರೆದ್ರೆ ಯಾವಾಗ್ಲೂ ಖಾಲಿನೇ. ಮುಂದಿನ ಸಲ ನಾನಿಲ್ಲಿ ಇಲ್ದಿದ್ರೆ ನಿಮಗೆ ಯಾರು ಹೇಳ್ತಾರೆ?”

ಅಪ್ಪ ಬೇರೆ ದಾರಿ ಹುಡುಕಿದ. “ಹಾಗಿದ್ರೆ ಆ ಫೋಟೋ ತೆಗೆಯೋ ದಿನ ಎಲ್ರೂ ದೀಪ ಹಚ್ಕೊಂಡೇ ಇರ್ತೀವಿ. ಮೀನು ಸಿಗದಿದ್ರೆ ಹೋಗ್ಲಿ. ಆಗ ನಮ್ಮನ್ನ ಎಣಿಸ್ತಾರಾ?”

ಅವಳಿಗೆ ಸಂಕಟ ಉಕ್ಕಿ ಬಂತು. ಇದ್ದೇವೆ ಎಂದು ತೋರಿಸಲು ಇವರು ತಮ್ಮ ಹೊಟ್ಟೆಯ ಮೇಲೆ ತಾವೇ ಹೊಡೆದುಕೊಳ್ಳಬೇಕೇ? “ಬೇಡಪ್ಪ, ದೀಪ ಹಚ್ಬೇಡಿ,” ಎಂದು ಫೋನಿಟ್ಟಳು.

ಒಳಗೆ ಬಂದವಳೇ ಅಚ್ಚಾದ ಸಾಲನ್ನು ಹೊಡೆದುಹಾಕಿ ಕೆಳಗೆ ಬರೆದಳು: ‘ನಲವತ್ತು ದೋಣಿಗಳಿವೆ. ದೀಪ ಆರಿಸಿ ಬಲೆ ಹಾಕುತ್ತಾರೆ. ಒಂದು ನನ್ನ ತಂದೆಯದು.’ ಸಹಿ ಹಾಕಿದಳು.

ಪ್ರೊಫೆಸರರು ಎರಡು ಸಲ ಓದಿದರು. “ಸಮಿತಿ ಕೈ ತಪ್ಪುತ್ತಲ್ಲಮ್ಮ.”

“ಗೊತ್ತು ಸರ್. ಅಲ್ಲಿ ಹೋಗಿ ಹೇಳ್ಬೇಕು ಅಂದ್ಕೊಂಡಿದ್ದೂ ಇದನ್ನೇ.”

ಅವರು ಎದ್ದು ಹೋಗಿ ಬೀರುವಿನಿಂದ ಹಳೆಯ ನಕಾಶೆಗಳ ಸುರುಳಿ ತಂದು ಮೇಜಿನ ಮೇಲೆ ಬಿಚ್ಚಿದರು. ಒಂಬತ್ತು ಚೌಕ, ಒಂಬತ್ತರಡಿಯಲ್ಲೂ ‘ಜನ ಇಲ್ಲ’ ಎಂಬ ಅದೇ ಸಾಲು, ಅವರದೇ ಸಹಿ.

“ಇವೂ ಎಲ್ಲಾ ಕತ್ತಲೇ ಇದ್ವು,” ಎಂದರು. ಕನ್ನಡಕ ಒರೆಸಿ ಒರೆಸಿ ಹಾಕಿಕೊಂಡರು. “ನಿಮ್ಮಪ್ಪನಿಗೆ ಇನ್ನೊಂದ್ಸಲ ಫೋನ್ ಮಾಡು. ಇಲ್ಲೆಲ್ಲ ಯಾರ್ಯಾರು ಬಲೆ ಹಾಕ್ತಾರೆ, ಕೇಳೋಣ.”