ಬೋಗುಣಿಗೆ ಬಿದ್ದ ಬೂದಿ

ಚಟ್ಟದ ಬಿದಿರಿಗೆ ಹಗ್ಗ ಬಿಗಿಯುತ್ತಿದ್ದವರನ್ನು ತುಂಗಮ್ಮ ನಡುವೆಯೇ ತಡೆದಳು.

"ಮನೆ ಹಿಂದಿನ ಹೊಲದಾಗ ಬೆಂಕಿ ಹಾಕ್ಬ್ಯಾಡ್ರಿ. ಹಳ್ಳದ ಆಚಿಗೆ ಒಯ್ರಿ."

ಹಗ್ಗ ಬಿಟ್ಟು ಎದ್ದವನು ಸತ್ತವನ ತಮ್ಮ ಧರ್ಮಪ್ಪ. ಸೊರಬದ ಕಡೆಯ ಕುಬಟೂರಿನಿಂದ ಸುದ್ದಿ ಕೇಳಿದ ಕೂಡಲೇ ಹೊರಟು ಬಂದವನು, ಇನ್ನೂ ಒಂದು ಗುಟುಕು ನೀರು ಕುಡಿದಿರಲಿಲ್ಲ.

"ಎಂತ ಅತ್ಗೆ ಇದು? ಅಪ್ಪ, ಅವ್ವ ಎಲ್ಲ ಆ ಹೊಲದಲ್ಲೇ ಹೋದವ್ರು. ಅಣ್ಣ ಒಬ್ನೇ ಹಳ್ಳ ದಾಟ್‌ಬೇಕಾ?"

"ಗಾಳಿ ಆ ಕಡೀಂದ ಬೀಸ್ತೈತಿ. ಬೂದಿ ಹಾರಿ ಬೋಗುಣಿಗೆ ಬೀಳ್ತೈತಿ."

ಅಂಗಳದಲ್ಲಿ ನೆರೆದವರು ಮುಖ ಮುಖ ನೋಡಿಕೊಂಡರು. ಗಂಡ ಹೋದ ಸಂಕಟಕ್ಕೆ ತಲೆ ಕೆಟ್ಟಿರಬೇಕು ಎಂದುಕೊಂಡವರೇ ಹೆಚ್ಚು. ಪಕ್ಕದ ಮನೆಯ ಹುಲಿಯಮ್ಮ ಬಾಯಿಬಿಟ್ಟೇ ಅಂದಳು: "ಹೆಣ ಅಂಗಳದಾಗೈತಿ, ನಿಂಗೆ ಬೋಗುಣಿ ಚಿಂತಿ. ಸುಮ್ನಿರು ಮಾರಾಯ್ತಿ."

ಬೋಗುಣಿ ಹಿತ್ತಿಲಲ್ಲಿ ಎದೆಮಟ್ಟದ ಕಂಬದ ಮೇಲಿತ್ತು, ಅರ್ಧ ನೀರು ತುಂಬಿಕೊಂಡು. ಆಕಾಶದಿಂದ ಉದುರುವ ಧೂಳು ಹಿಡಿಯಲು ಶಿವಮೊಗ್ಗದ ಕಚೇರಿಯೊಂದು ಕೊಟ್ಟ ಪಾತ್ರೆ ಅದು. ದೂರದ ಯಾವುದೋ ದ್ವೀಪದಲ್ಲಿ ಬೆಂಕಿಬೆಟ್ಟ ಸಿಡಿದರೆ ಅದರ ಬೂದಿ ಗಾಳಿಯಲ್ಲಿ ಎಲ್ಲಿಯವರೆಗೆ ಬರುತ್ತದೆ ಎಂದು ನೋಡುವ ಕೆಲಸವಂತೆ. ಐವತ್ತೆಂಟನೇ ಇಸವಿಯ ಆ ಬೇಸಿಗೆಯಲ್ಲಿ ಅಂಥದೇ ಬೋಗುಣಿ, ಅಷ್ಟೇ ಎತ್ತರದ ಕಂಬ, ಸುತ್ತಲಿನ ಹಲವು ಊರುಗಳಲ್ಲಿ ನಿಂತಿದ್ದವು. ಅಂಜನಾಪುರದ್ದನ್ನು ನೋಡಿಕೊಳ್ಳುತ್ತಿದ್ದವನು ಕೆರೆಯ ತೂಬು ಕಾಯುವ ಹುಚ್ಚರಾಯಪ್ಪ. ನಿನ್ನೆ ಎದೆನೋವೆಂದು ಜಗುಲಿಯಲ್ಲಿ ಕೂತವನು ಮತ್ತೆ ಏಳಲಿಲ್ಲ.

ಇವತ್ತು ಸಂಜೆ ಎಲ್ಲ ಊರಿನ ಬೋಗುಣಿಗಳನ್ನೂ ಒಟ್ಟಿಗೆ ಇಳಿಸಬೇಕು. ಮುಂಚೆ ಇಳಿಸಿದರೆ ಉಳಿದವುಗಳ ಜೊತೆ ತಾಳೆಯಾಗುವುದಿಲ್ಲ. ಈ ಸಲವಾದರೂ ಗಂಡನ ಬೋಗುಣಿ ಲೆಕ್ಕಕ್ಕೆ ಸೇರಲಿ, ತುಂಗಮ್ಮನಿಗೆ ಬೇಕಾದ್ದು ಅಷ್ಟೇ. ಹಿಂದಿನ ಸಲ ಅದನ್ನು ಕೆಡಿಸಿದವಳು ತಾನೇ ಆಗಿದ್ದಳಲ್ಲ!

*

ಹಿಂದಿನ ಸಲ ಬೋಗುಣಿಗಳನ್ನೆಲ್ಲ ಸೊರಬದ ಪ್ರವಾಸಿ ಮಂದಿರಕ್ಕೆ ತರಿಸಿದ್ದರು. ಉಳಿದವರ ಬೋಗುಣಿಯ ತಳದಲ್ಲಿ ಚಿಟಿಕೆ ಕೆಂಪು ಧೂಳು. ಹುಚ್ಚರಾಯಪ್ಪನದರಲ್ಲಿ ಮಾತ್ರ ಬೂದಿಯ ರಾಡಿ. ಕಚೇರಿಯ ಹನುಮಂತಪ್ಪ ಬೆರಳಲ್ಲಿ ಉಜ್ಜಿ ನೋಡಿ, "ಏನ್ರೀ, ಬೆಂಕಿಬೆಟ್ಟ ನಿಮ್ಮೂರಲ್ಲೇ ಸಿಡೀತಾ?" ಎಂದಾಗ ಮಂದಿಯೆಲ್ಲ ಗೊಳ್ಳೆಂದಿದ್ದರು.

ಮನೆಗೆ ಬಂದು ಕೇಳಿದರೆ ತುಂಗಮ್ಮ ಹೆಮ್ಮೆಯಿಂದಲೇ ಹೇಳಿದಳು: "ಪಾಚಿ ಕಟ್ಟಿತ್ತು ರೀ. ನೀರನ್ನ ಒಂದು ಕೊಡಕ್ಕೆ ಬಗ್ಗಿಸಿ, ಒಲೆಬೂದಿ ಹಾಕಿ ತಿಕ್ಕಿ ಬೆಳಗಿ, ಅದೇ ನೀರು ವಾಪಸ್ ಹೊಯ್ದೆ. ಒಂದು ಹನಿ ಚೆಲ್ಲಿಲ್ಲ. ಸಾಹೇಬ್ರ ಮುಂದೆ ಹೋಗೋ ಪಾತ್ರೆ, ಥಳಥಳ ಅನ್ಬಾರ್ದಾ?"

ಹುಚ್ಚರಾಯಪ್ಪ ತಲೆ ಮೇಲೆ ಕೈ ಹೊತ್ತು ಕೂತ. ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಅಷ್ಟು ಸಂಕಟವಾಗುತ್ತಿರಲಿಲ್ಲ. ಊಟಕ್ಕೆ ಕೂತಾಗ ನಿಧಾನವಾಗಿ ಅಂದ: "ಎಲ್ರೂ ಒಂದೇ ತರ ಹಿಡಿದ್ರೆ ತಾನೆ, ಇಲ್ಲಿ ಬಿದ್ದದ್ದು ಅಲ್ಲಿ ಬಿದ್ದದ್ದು ಹೋಲಿಸಾಕೆ ಬರೋದು? ತೊಳೀಬಾರ್ದು, ಮುಚ್ಚಬಾರ್ದು. ಏನಾರ ಬಿದ್ರೆ ಏನು ಬಿತ್ತು ಅಂತ ಇದ್ದದ್ದು ಇದ್ದಂಗೆ ಹೇಳ್ಬೇಕು."

ಆಮೇಲೆ ಹಿತ್ತಿಲಲ್ಲಿ ಒಲೆಬೂದಿ ಚೆಲ್ಲಲಿಕ್ಕೂ ಅವನು ಬಿಡಲಿಲ್ಲ. ಕಸ ಸುಡಲು ಹೊರಟ ಹುಲಿಯಮ್ಮನ ಜೊತೆ ಕಚ್ಚಾಡಿ, ಊರವರ ಬಾಯಲ್ಲಿ 'ಬೋಗುಣಿ ಸಾಹೇಬ' ಅನ್ನಿಸಿಕೊಂಡ.

*

"ಒಂದು ಬಟ್ಟೆ ಮುಚ್ಚಿದ್ರಾತಪ್ಪ," ಎಂದ ಧರ್ಮಪ್ಪ.

"ಮುಚ್ಚಂಗಿಲ್ಲ."

"ಅಯ್ಯೋ, ಬಿಸಿಲು ಏರ್ತಾ ಉಂಟು ಅತ್ಗೆ!"

"ಅದಕ್ಕೇ ಹೇಳ್ತಿರೋದು, ಬ್ಯಾಗ ಹೊರಡ್ರಿ. ನಿಮ್ಮಣ್ಣ ಇದ್ದಿದ್ರೆ ಇದನ್ನೇ ಅಂತಿದ್ರು."

ಆ ಮಾತಿಗೆ ಧರ್ಮಪ್ಪ ಮತ್ತೆ ಹಗ್ಗ ಹಿಡಿದ. ಗೊಣಗುತ್ತ, ಮುಳ್ಳು ತುಳಿಯುತ್ತ, ಗಂಡಸರು ಹೆಣವನ್ನು ಹಳ್ಳದಾಚೆಗೆ ಹೊತ್ತರು. ಹೆಂಗಸರು ಮನೆ ತೊಳೆಯತೊಡಗಿದರು. ತುಂಗಮ್ಮ ಮಾತ್ರ ಕೂತಲ್ಲಿ ಕೂರಲಿಲ್ಲ. ಒಳಗೆ ಹೋಗುವಳು, ಹಿತ್ತಿಲಿಗೆ ಬರುವಳು, ಹಳ್ಳದ ಕಡೆ ಏಳುತ್ತಿದ್ದ ಹೊಗೆಯನ್ನು ನೋಡುವಳು. ಹೊಗೆ ದೂರ ದೂರ ಹೋಗುತ್ತಿತ್ತು. ಅದನ್ನು ಕಂಡು ಸಮಾಧಾನ, ಮರುಗಳಿಗೆಗೆ ದುಃಖ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಗಾಳಿ ತಿರುಗಿತು. ಮೊದಲು ವಾಸನೆ ಬಂತು. ಹಿಂದೆಯೇ ಬೂದಿ, ಸಣ್ಣ ಸಣ್ಣ ಎಸಳು. ತುಂಗಮ್ಮ ಓಡಿಬಂದು ಬೋಗುಣಿಯ ಮೇಲೆ ಸೆರಗು ಹರಡಿದಳು. ಮುಚ್ಚಬಾರದು ಎಂದು ಗಂಡ ಹೇಳಿದ್ದನಲ್ಲ.

"ಹೋಗೋದು ಹೋದ್ರಿ," ಎಂದು ಬೈದಳು, ಅಳುತ್ತ. "ಇಷ್ಟು ದೂರ ಕಳ್ಸಿದ್ರೂ ನೆಟ್ಟಗಿರಾಕೆ ಆಗ್ಲಿಲ್ವಾ ನಿಮಗೆ?"

ಸೆರಗು ಎಳೆದುಕೊಂಡಳು. ಬೂದಿ ನೀರಿನ ಮೇಲೆ ಇಳಿಯಿತು.

ಸಂಜೆ, ಈ ಸಲ ಇಲ್ಲಿಯ ಬೋಗುಣಿಯನ್ನು ತಾನೇ ಇಳಿಸಿಕೊಳ್ಳಲೆಂದು, ಹನುಮಂತಪ್ಪ ಸೈಕಲ್ಲಿನಲ್ಲಿ ಬಂದ. ಸಾವಿನ ಸುದ್ದಿ ಅವನಿಗೆ ತಿಳಿದದ್ದು ಊರಬಾಗಿಲಲ್ಲಿ. ಸೈಕಲ್ಲನ್ನು ಬೇಲಿಗೆ ಒರಗಿಸಿ, ತಲೆ ತಗ್ಗಿಸಿಕೊಂಡು ನೇರ ಹಿತ್ತಿಲಿಗೆ ನಡೆದು ಬೋಗುಣಿಗೆ ಬಗ್ಗಿದ.

"ಮತ್ತೆ ಬೂದಿನಾ..." ಎಂದು ಬಾಯಿತಪ್ಪಿ ಅಂದವನು ನಾಚಿದ. "ಇರ್ಲಿ ಬಿಡಿ ತಾಯಿ. ಇದನ್ನ ಬಿಟ್ಟು ಲೆಕ್ಕ ಹಾಕೋಣ."

"ಬಿಡಬ್ಯಾಡ್ರಿ. ಏನು ಬಿತ್ತು ಅಂತ ಹೇಳಿದ್ರೆ ಸೇರಿಸ್ಕೊಳ್ತೀರಂತೆ."

"ಸೇರಿಸ್ಕೊಳ್ತೀವಿ. ಆದ್ರೆ ಎಲ್ಲಿಯ ಬೂದಿ ಅಂತ ಸರಿಯಾಗಿ ಗೊತ್ತಿರ್ಬೇಕು. ಒಲೇದಾ, ಹೊಲದ್ದಾ?"

ತುಂಗಮ್ಮ ಹಳ್ಳದ ಕಡೆ ನೋಡಿದಳು. ಮದುವೆಯಾಗಿ ಈ ಮನೆಗೆ ಬಂದಂದಿನಿಂದ ಗಂಡನ ಹೆಸರು ಅವಳ ಬಾಯಲ್ಲಿ ಬಂದಿರಲಿಲ್ಲ. ಯಾರಾದರೂ ಕೇಳಿದರೆ ಪಕ್ಕದವರ ಕಡೆ ನೋಡಿ ಹೇಳಿಸುತ್ತಿದ್ದಳು. ಬಾಗಿಲಲ್ಲಿ ನಿಂತಿದ್ದ ಹುಲಿಯಮ್ಮ ತಾನೇ ಹೇಳಲು ಮುಂದೆ ಬಂದಳು. ತುಂಗಮ್ಮ ಕೈಯೆತ್ತಿ ಅವಳನ್ನು ತಡೆದಳು.

"ಹುಚ್ಚರಾಯಪ್ಪ," ಎಂದಳು. ಕೇಳಿಸಿತೋ ಇಲ್ಲವೋ ಎಂದು ಇನ್ನೊಮ್ಮೆ, ಜೋರಾಗಿ: "ಹುಚ್ಚರಾಯಪ್ಪ ಕಣ್ರಿ."

ಹನುಮಂತಪ್ಪ ಚಪ್ಪಲಿ ಕಳಚಿ ಬದಿಗಿಟ್ಟ. ಆಮೇಲೆ ಎರಡೂ ಕೈಯಲ್ಲಿ, ನೀರು ಅಲುಗದಂತೆ, ಬೋಗುಣಿಯನ್ನು ಕಂಬದಿಂದ ಇಳಿಸಿದ.