ಕಾಣೆಯಾದ ಇನ್ನೂರು ಜಿಬಿ

ದಂತ ಆಸ್ಪತ್ರೆಯ ಸರ್ವರ್ ನೋಡಿಕೊಳ್ಳುವವನಿಗೆ ಎಲ್ಲರೂ ಸೇರಿ ಇಟ್ಟ ಹೆಸರು ಸಾವಕಾಶ. ಯಾರು ಎಷ್ಟೇ ಅವಸರಪಟ್ಟರೂ ಅವನ ಬಾಯಿಂದ ಮೊದಲು ಬರುತ್ತಿದ್ದುದು ಆ ಮಾತೇ. ಆದರೆ ಆ ಬೆಳಿಗ್ಗೆ ಹನ್ನೊಂದಕ್ಕೆ ಅವನಲ್ಲಿ ಅದು ಎಳ್ಳಷ್ಟೂ ಉಳಿದಿರಲಿಲ್ಲ.

ಎಕ್ಸ್‌ರೇ, ಫೋಟೋಗಳೆಲ್ಲ ಇದ್ದದ್ದು ಒಂದು ವರ್ಚುವಲ್ ಮಷಿನ್‌ನಲ್ಲಿ, ಅಂದರೆ ದೊಡ್ಡ ಕಂಪ್ಯೂಟರಿನೊಳಗೆ ಬಾಡಿಗೆಗಿದ್ದಂತಿರುವ ಇನ್ನೊಂದು ಕಂಪ್ಯೂಟರಿನಲ್ಲಿ. ಅದು ಡಿಸ್ಕ್ ತುಂಬಿದೆ ಎಂದು ಮುಷ್ಕರ ಹೂಡಿತ್ತು. ಹೊರಗೆ ಬೆಂಚಿನ ಮೇಲೆ ಕೆನ್ನೆ ಹಿಡಿದುಕೊಂಡವರ ಸಾಲು ಬೆಳೆಯುತ್ತಿತ್ತು.

ಬಾಗಿಲಲ್ಲಿ ಮ್ಯಾನೇಜರ್ ಬಂದು ನಿಂತರು. ಮ್ಯಾನೇಜರ್ ಅಂದರೆ ಅವನ ಹೆಂಡತಿಯ ಅಣ್ಣ. ಈ ಕೆಲಸ ಕೊಡಿಸಿದವರೂ ಅವರೇ, ಅದನ್ನು ದಿನಕ್ಕೊಮ್ಮೆ ನೆನಪಿಸುವವರೂ ಅವರೇ.

"ಮಧ್ಯಾಹ್ನ ಒಂದು ಗಂಟೆವರೆಗೆ ಟೈಮ್ ಕೊಡ್ತೀನಿ. ಅಷ್ಟರಲ್ಲಿ ಜಾಗ ಆಗ್ಲಿಲ್ಲ ಅಂದ್ರೆ ಹತ್ತು ವರ್ಷಕ್ಕಿಂತ ಹಳೇ ಫೋಟೋನೆಲ್ಲ ಅಳಿಸಿಬಿಡು."

"ಭಾವ, ಅದಕ್ಕೆ ಬೇರೆ ಕಾಪಿ ಇಲ್ಲ. ಬ್ಯಾಕಪ್ ಡಿಸ್ಕ್‌ನಲ್ಲಿ ಹಿಡಿಸೋದು ಈಚಿನ ಎರಡು ವರ್ಷದ್ದು ಮಾತ್ರ."

"ಹೊಸ ಡಿಸ್ಕ್ ಬರೋಕೆ ಇನ್ನೊಂದು ವಾರ. ಅಲ್ಲೀವರೆಗೆ ಇವರನ್ನೆಲ್ಲ ನಿಮ್ಮನೆಗೆ ಕರ್ಕೊಂಡು ಹೋಗ್ತೀಯಾ?"

ಆ ಹಳೆಯದರಲ್ಲೇ ಸೀಳುತುಟಿಯೊಂದಿಗೆ ಹುಟ್ಟಿದ ಮಕ್ಕಳ ಫೋಟೋಗಳಿದ್ದವು. ಒಂದೊಂದು ಮಗುವಿನದೂ ಹುಟ್ಟಿದ ವಾರದಿಂದ ಹಿಡಿದು ವರ್ಷ ವರ್ಷವೂ ಹಿರಿಯ ಡಾಕ್ಟರಮ್ಮ ತೆಗೆಸಿಟ್ಟಿದ್ದು. ಅಂಥ ಒಬ್ಬ ಹುಡುಗಿ ಕೊನೆಯ ಆಪರೇಷನ್ನಿನ ಮಾತಿಗೆಂದು ತಾಯಿಯ ಜೊತೆ ಅಂದೇ ಬಂದು ಕೂತಿದ್ದಳು. ಅಳಿಸುವ ಗುಂಡಿ ಒತ್ತಬೇಕಾದವನು ಸಾವಕಾಶನೇ.

ಐನೂರು ಜಿಬಿಯೂ ಭರ್ತಿ ಎನ್ನುತ್ತಿತ್ತು ಮಷಿನ್. ಫೋಲ್ಡರ್‌ಗಳನ್ನು ಕೂಡಿಸಿದರೆ ಮುನ್ನೂರೇ. ಉಳಿದ ಇನ್ನೂರನ್ನು ನುಂಗಿದ್ದು ಯಾವುದು? ಕಸದ ಬುಟ್ಟಿ ಬರಿದು ಮಾಡಿದ, ಮೂಲೆ ಮೂಲೆ ಜಾಲಾಡಿದ, ಮಷಿನನ್ನು ನಿಲ್ಲಿಸಿ ಮತ್ತೆ ಶುರು ಮಾಡಿದ. ಸಂಖ್ಯೆ ಜಪ್ಪಯ್ಯ ಅನ್ನಲಿಲ್ಲ. ಹನ್ನೆರಡು ಗಂಟೆಯಾಯಿತು.

ಹೆಂಡತಿಯ ಫೋನ್ ಬಂತು. "ಊಟದ ಡಬ್ಬಿ ಇಲ್ಲೇ ಬಿಟ್ಟು ಹೋಗಿದೀರಿ."

"ಇವತ್ತು ತಲೆನೇ ಬಿಟ್ಟು ಬಂದಿದೀನಿ ಕಣೇ."

"ಅದೇನು ಹೊಸದಾ. ಜ್ವರ ಬಂದಾಗ ನಿಮ್ಮ ಆ ಡಿಸ್ಕು ಮೂರು ದಿನ ಬೀರುನಲ್ಲೇ ಬಿದ್ದಿರ್ಲಿಲ್ವಾ?"

ಬೀರು ಎಂದೊಡನೆ ಸಾವಕಾಶನಿಗೆ ಹೊಳೆಯಿತು. ಆಸ್ಪತ್ರೆಗೆ ಬೆಂಕಿಗಿಂಕಿ ಬಿದ್ದರೆ ಇರಲಿ ಎಂದು ಬ್ಯಾಕಪ್ ಡಿಸ್ಕನ್ನು ಶುಕ್ರವಾರ ಮನೆಗೊಯ್ದು ಸೋಮವಾರ ತಂದು ಸಿಕ್ಕಿಸುವುದು ಅವನ ಪದ್ಧತಿ. ಕಳೆದ ತಿಂಗಳು ಜ್ವರದಲ್ಲಿ ಅದು ತಪ್ಪಿತ್ತು. ಸೋಮವಾರದಿಂದ ಗುರುವಾರದವರೆಗೆ ರಾತ್ರಿ ಕಾಪಿ ಮಾಡುವ ಪ್ರೋಗ್ರಾಂ ಡಿಸ್ಕ್ ಇದೆಯೋ ಇಲ್ಲವೋ ನೋಡದೆ, ಮಷಿನ್‌ನೊಳಗೆ ಡಿಸ್ಕ್ ಬಂದು ಕೂರಬೇಕಾದ ಖಾಲಿ ಫೋಲ್ಡರಿಗೇ ಎರಡು ವರ್ಷದ ಕಾಪಿಯನ್ನು ಸುರಿದಿತ್ತು. ಆಮೇಲೆ ಡಿಸ್ಕ್ ಬಂದು ಅದರ ಮೇಲೆ ಕೂತಾಗ, ಸುರಿದದ್ದು ಚಾಪೆಯಡಿಯ ಧೂಳಿನ ಹಾಗೆ ಕಣ್ಣಿಗೆ ಬೀಳದಂತಾಗಿತ್ತು.

ಡಿಸ್ಕ್ ಕಳಚಿ ನೋಡಿದ. ಖಾಲಿ ಇರಬೇಕಾದ ಫೋಲ್ಡರಿನಲ್ಲಿ ಸರಿಯಾಗಿ ಇನ್ನೂರು ಜಿಬಿ. ಎಲ್ಲದರ ಮೂಲವೂ ಬೇರೆ ಕಡೆ ಇದೆಯೆಂದು ತಾಳೆ ನೋಡಿಕೊಂಡು ಅದನ್ನಷ್ಟೇ ಅಳಿಸಿದ. ಹೊರಗೆ ಎಕ್ಸ್‌ರೇ ಕೋಣೆಯಿಂದ ಮೊದಲ ರೋಗಿಯನ್ನು ಕೂಗುವುದು ಕೇಳಿತು. ಹೋದ ಜೀವ ಬಂದಂತಾಗಿ ಅವನು ಕುರ್ಚಿಗೆ ಒರಗಿದ.

ಒಂದಕ್ಕೆ ಐದು ನಿಮಿಷವಿರುವಾಗ ಭಾವ ಬಂದರು. "ಯಾರ ತಪ್ಪು?"

"ನಂದೇ, ಭಾವ."

"ನನ್ನ ತಂಗಿಗೆ ಗೊತ್ತಾ?"

"ಕಂಡುಹಿಡಿದವಳೇ ಅವಳು."

ಭಾವ ನಗು ತಡೆದುಕೊಂಡು ಹೊರಟುಹೋದರು.

ಫೋಟೋಗಳು ತೆರೆಯುತ್ತವೋ ಇಲ್ಲವೋ ನೋಡೋಣವೆಂದು ಸಾವಕಾಶ ಡಾಕ್ಟರಮ್ಮನ ಕೋಣೆಗೆ ಹೋದ. ಅವರು ಹುಡುಗಿಯ ಮೊದಲ ಫೋಟೋ ತೆರೆದರು. ಎಂಟು ದಿನದ ಕೂಸು, ಮೇಲ್ತುಟಿ ಮೂಗಿನವರೆಗೂ ಸೀಳಿತ್ತು.

ತಾಯಿ ಪರದೆಯತ್ತ ಬಾಗಿದಳು. "ಇದೊಂದು ನಮಗೂ ಕೊಡ್ತೀರಾ ಡಾಕ್ಟ್ರೇ? ಆಗ ಇವಳದು ಒಂದು ಫೋಟೋನೂ ತೆಗೆಸ್ಲಿಲ್ಲ ನಾವು. ಯಾರಾದ್ರೂ ನೋಡಿಬಿಡ್ತಾರೆ ಅಂತ."

ಹುಡುಗಿ ಕುರ್ಚಿ ಎಳೆದುಕೊಂಡು ಪರದೆಯ ಹತ್ತಿರ ಬಂದಳು.

"ಅಮ್ಮಾ," ಅಂದಳು, "ನಂಗೆ ಎಷ್ಟೊಂದು ಕೂದಲಿತ್ತು."